ಗಿರಣಿಯ ನೋಟ್‌ಬುಕ್ ಹಿಡಿದು ಕರೆಂಟ್ ದರದ ವಿಚಾರಣೆಗೆ ಹೋದೆ

ರಾಗಿ ಬೀಸುತ್ತಿರುವಾಗ ಕರೆಂಟ್ ಹೋದರೆ ಏನಾಗುತ್ತದೆ ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ಕಲ್ಲು ನಿಲ್ಲುತ್ತದೆ. ಅರ್ಧ ಬೀಸಿದ ರಾಗಿ ಎರಡು ಕಲ್ಲುಗಳ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಕರೆಂಟ್ ಬಂತು ಅಂತ ತಕ್ಷಣ ಸ್ವಿಚ್ ಒತ್ತುವ ಹಾಗಿಲ್ಲ. ಆ ಭಾರವನ್ನು ಮೋಟಾರ್ ಎಳೆಯುವುದಿಲ್ಲ, ಗುಂಯ್ ಅಂತ ಒದ್ದಾಡುತ್ತದೆ, ಹಾಗೇ ಬಿಟ್ಟರೆ ಸುಟ್ಟೇ ಹೋಗುತ್ತದೆ. ಅದಕ್ಕೆ ಮೊದಲು ಕಲ್ಲು ಸಡಿಲ ಮಾಡಬೇಕು, ಸಿಕ್ಕಿದ ಕಾಳು ತೆಗೆಯಬೇಕು, ಬರೀ ಕಲ್ಲು ಓಡಿಸಿ ನೋಡಿ ಆಮೇಲೆ ನಿಧಾನಕ್ಕೆ ಕಾಳು ಬಿಡಬೇಕು. ಹತ್ತು ನಿಮಿಷ ಹೋಯಿತು. ಡಬ್ಬ ಹಿಡಿದು ನಿಂತವರು ಮುಖ ನೋಡುತ್ತಾರೆ. ದಿನಕ್ಕೆ ಮೂರು ಸಲ ಹೀಗಾದರೆ ಆ ದಿನದ ದುಡಿಮೆಯಲ್ಲಿ ಏನು ಉಳಿಯುತ್ತದೆ ಹೇಳಿ.

ನಮ್ಮದು 10 ಎಚ್‌ಪಿ ಹಿಟ್ಟಿನ ಗಿರಣಿ. ಅಪ್ಪ ಶುರು ಮಾಡಿದ್ದು, ಅವರ ನಂತರ ನಾನು ನಡೆಸುತ್ತಿದ್ದೇನೆ. ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ನೋಟ್‌ಬುಕ್‌ನಲ್ಲಿ ಬರೆದಿಡುವ ಅಭ್ಯಾಸ ಅಪ್ಪನದು. ಯಾರಿಗೂ ತೋರಿಸೋಕಲ್ಲ, ಗಿರಾಕಿಗಳು ನಿನ್ನೆ ಯಾಕೆ ಬೀಸಲಿಲ್ಲ ಅಂತ ಕೇಳಿದರೆ ಹೇಳೋಕೆ. ನಾನೂ ಅದನ್ನೇ ಮುಂದುವರಿಸಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಬೆಳಿಗ್ಗೆ ನಮ್ಮ ಮೇಷ್ಟ್ರು ಜೋಳ ಬೀಸಿಸೋಕೆ ಬಂದರು. ನಿವೃತ್ತ ಗಣಿತದ ಮೇಷ್ಟ್ರು, ನನಗೂ ಪಾಠ ಹೇಳಿದವರು. ಬಂದ ಐದು ನಿಮಿಷಕ್ಕೆ ಕರೆಂಟ್ ಹೋಯಿತು. ನಾನು ಗಡಿಯಾರ ನೋಡಿ ಬರೆದೆ. ಅವರು ನೋಟ್‌ಬುಕ್ ಇಸಕೊಂಡು ಹಿಂದಿನ ಪುಟಗಳನ್ನು ತಿರುವಿ ಹಾಕಿದರು. ಬಿಲ್ ತೋರಿಸು ಅಂದರು. ತೋರಿಸಿದೆ. ಬಳಸಿದ ಯೂನಿಟ್‌ಗೆ ಇಷ್ಟು, ಅದರ ಮೇಲೆ ಎಚ್‌ಪಿ ಲೆಕ್ಕದಲ್ಲಿ ನಿಗದಿತ ಶುಲ್ಕ ಇಷ್ಟು. ಗಿರಣಿ ಓಡಲಿ, ಬಿಡಲಿ, ಆ ಶುಲ್ಕ ಕಟ್ಟಲೇಬೇಕು.

"ಪೇಪರ್‌ನಲ್ಲಿ ನೋಟಿಸ್ ಬಂದಿದೆ, ನೋಡಿದ್ಯೇನಮ್ಮಾ? ದರ ಜಾಸ್ತಿ ಮಾಡಿ ಅಂತ ಕಂಪನಿಯವರು ಆಯೋಗಕ್ಕೆ ಅರ್ಜಿ ಹಾಕಿದ್ದಾರೆ. ನಿಗದಿತ ಶುಲ್ಕಾನೂ ಏರಿಸಿ ಅಂತ ಕೇಳಿದ್ದಾರೆ. ನೀನು ಆಕ್ಷೇಪಣೆ ಹಾಕು" ಅಂದರು.

ನಾನಾ? ದರ ಸರ್ಕಾರ ಮಾಡುತ್ತದೆ, ನಾವು ಕಟ್ಟುತ್ತೇವೆ, ಅಷ್ಟೇ ನನಗೆ ಗೊತ್ತಿದ್ದದ್ದು. ನಮ್ಮೂರಲ್ಲಿ ಇವತ್ತಿಗೂ ಎಲ್ಲರೂ "ಕೆಇಬಿಯವರು" ಅಂತಾನೇ ಅನ್ನೋದು. ಕೆಇಬಿ, ಅಂದರೆ ಹಳೇ ವಿದ್ಯುತ್ ಮಂಡಳಿ, ಹೋಗಿ ಕೆಪಿಟಿಸಿಎಲ್ ಅನ್ನೋ ಸರ್ಕಾರಿ ನಿಗಮ ಆಗಿದ್ದು 1999ರಲ್ಲಿ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಕೆಲಸ ಶುರು ಮಾಡಿದ್ದೂ ಅದೇ ವರ್ಷ. 2002ರಲ್ಲಿ ಮನೆಮನೆಗೆ ಕರೆಂಟ್ ಹಂಚುವ ಕೆಲಸ ಬೇರೆ ಬೇರೆ ಕಂಪನಿಗಳಿಗೆ ಹೋಯಿತು. ಇದನ್ನೆಲ್ಲ ಅವತ್ತು ಕತ್ತಲೆ ಗಿರಣಿಯಲ್ಲಿ ಕೂತು ಮೇಷ್ಟ್ರು ಹೇಳಿದ್ದು. ಅವರು ಆಗಲೇ ನಾಲ್ಕೈದು ವಿಚಾರಣೆಗೆ ಹೋಗಿ ಬಂದವರು.

ಅವರು ಹೇಳಿದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ನನ್ನ ಗಿರಣಿ ಗೋಡೆಗೆ ಪಂಚಾಯ್ತಿ ಕೊಟ್ಟ ಲೈಸೆನ್ಸ್ ನೇತುಹಾಕಿದ್ದೇನೆ. ಅದನ್ನೇ ತೋರಿಸಿ, ಅವರಿಗೂ ಹೀಗೇ ಒಂದು ಇದೆ ಅಂದರು. 2003ರ ವಿದ್ಯುತ್ ಕಾಯ್ದೆಯಲ್ಲಿ 12ನೇ ಕಲಂ ಅಂತ ಇದೆ. ಕರೆಂಟ್ ಸಾಗಿಸೋಕೆ, ಹಂಚೋಕೆ, ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು, ಇಲ್ಲಾ ಕಾನೂನಿನ ಪ್ರಕಾರ ವಿನಾಯಿತಿ ಇರಬೇಕು. ಉತ್ಪಾದನೆಗೆ ಲೈಸೆನ್ಸ್ ಬೇಡ. ಆದರೆ ಹಂಚುವವನಿಗೆ ಬೇಕೇ ಬೇಕು. ಯಾಕೆ ಅಂದರೆ ಅಂಗಡಿ ಸರಿ ಇಲ್ಲ ಅಂದರೆ ನಾವು ಪಕ್ಕದ ಅಂಗಡಿಗೆ ಹೋಗುತ್ತೇವೆ, ಕರೆಂಟ್‌ಗೆ ಪಕ್ಕದ ಅಂಗಡಿ ಇಲ್ಲ. 1 ಮೆಗಾವ್ಯಾಟ್‌ಗಿಂತ ಹೆಚ್ಚು ಬೇಕಾದ ದೊಡ್ಡ ಕಾರ್ಖಾನೆಗೆ ಬೇರೆ ಕಡೆಯಿಂದ ಕೊಳ್ಳುವ ದಾರಿಯನ್ನು ಅದೇ ಕಾಯ್ದೆ ತೆರೆದಿದೆ. 1 ಮೆಗಾವ್ಯಾಟ್ ಅಂದರೆ ಸುಮಾರು 1,340 ಎಚ್‌ಪಿ. ನನ್ನದು 10. ನಾನು ಎಲ್ಲಿಗೆ ಹೋಗಲಿ? ಬೇರೆ ಕಡೆ ಹೋಗಲಾರದವರ ಪರವಾಗಿ ಲೆಕ್ಕ ಕೇಳೋಕೆ ಆಯೋಗ ಅಂತ ಒಂದಿದೆ, ಆ ಆಯೋಗ ದರ ಏರಿಸುವ ಮುಂಚೆ ನಮ್ಮನ್ನು ಕೇಳಲೇಬೇಕು ಅಂತ ಕಾಯ್ದೆಯ 64ನೇ ಕಲಮಿನಲ್ಲೇ ಬರೆದಿದೆ. ಅರ್ಜಿ ಬಂದ 120 ದಿನದೊಳಗೆ, ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನೆಲ್ಲ ನೋಡಿದ ಮೇಲೇನೇ ಆದೇಶ ಆಗಬೇಕು.

ಆಮೇಲೆ ಅರ್ಜಿ ಓದೋ ಕೆಲಸ. ಮೇಷ್ಟ್ರ ಮೊಮ್ಮಗ ಇಂಟರ್ನೆಟ್‌ನಿಂದ ಇಳಿಸಿಕೊಟ್ಟ. ನೂರಾರು ಪುಟ, ಬಹುಪಾಲು ಇಂಗ್ಲಿಷ್, ಪುಟಪುಟಕ್ಕೂ ಕೋಷ್ಟಕ. ಮೊದಲ ಎರಡು ರಾತ್ರಿ ತಲೆ ಬುಡ ಗೊತ್ತಾಗಲಿಲ್ಲ. ಮೂರನೇ ದಿನ ಮೇಷ್ಟ್ರು ಒಂದು ಹಾಳೆ ತಗೊಂಡು ಎರಡು ಕಾಲಂ ಹಾಕಿದರು. ಎಡಗಡೆ ಖರ್ಚು: ಕರೆಂಟ್ ಕೊಳ್ಳೋಕೆ ಇಷ್ಟು, ದೊಡ್ಡ ಲೈನ್‌ನಲ್ಲಿ ಸಾಗಿಸೋಕೆ ಇಷ್ಟು, ಸಂಬಳ ಮತ್ತು ರಿಪೇರಿಗೆ ಇಷ್ಟು, ಬಡ್ಡಿ ಇಷ್ಟು, ಸವಕಳಿ ಇಷ್ಟು. ಬಲಗಡೆ ಈಗಿನ ದರದಲ್ಲಿ ಬರುವ ಆದಾಯ. ಎರಡರ ನಡುವಿನ ಕೊರತೆಯೇ ಅವರು ಕೇಳುತ್ತಿರುವ ಏರಿಕೆ. ಗಿರಣಿ ಲೆಕ್ಕದ ಹಾಗೇ ಅಲ್ವಾ ಅನ್ನಿಸಿತು. ಖರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಕರೆಂಟ್ ಕೊಳ್ಳೋದು. ಮಿಕ್ಕದ್ದೆಲ್ಲ ಅದರ ಮುಂದೆ ಚಿಕ್ಕದು.

ಇನ್ನೊಂದು ಸಂಗತಿ ಅಲ್ಲೇ ಗೊತ್ತಾಯಿತು. ರೈತರ ಪಂಪ್‌ಸೆಟ್‌ಗೆ 10 ಎಚ್‌ಪಿವರೆಗೆ ಉಚಿತ, ಅದು ನಮ್ಮ ಮನೆಗೂ ಅನ್ವಯ, ಅದು ಬೇಕೇ ಬೇಕು. ಆದರೆ ಉಚಿತ ಅಂದರೆ ಯಾರೂ ಕೊಡೋದಿಲ್ಲ ಅಂತಲ್ಲ. ಸರ್ಕಾರ ಯಾವ ವರ್ಗಕ್ಕಾದರೂ ಸಬ್ಸಿಡಿ ಕೊಟ್ಟರೆ ಆ ಹಣವನ್ನು ಮುಂಗಡವಾಗಿ ಕಂಪನಿಗೆ ಕಟ್ಟಬೇಕು ಅಂತ 65ನೇ ಕಲಂ ಹೇಳುತ್ತದೆ. ಪಂಪ್‌ಸೆಟ್‌ಗಳಿಗೆ ಹೆಚ್ಚಿನ ಕಡೆ ಮೀಟರ್ ಇಲ್ಲ, ಹಾಗಾಗಿ ಅವು ಎಷ್ಟು ಬಳಸಿದವು ಅನ್ನೋದನ್ನು ಫೀಡರ್‌ನ, ಅಂದರೆ ಸಬ್‌ಸ್ಟೇಷನ್‌ನಿಂದ ಊರಿಗೆ ಬರುವ ಲೈನಿನ, ಲೆಕ್ಕದಿಂದ ಅಂದಾಜು ಮಾಡುತ್ತಾರೆ. ಆ ಅಂದಾಜು ತಪ್ಪಿದರೆ ಎಷ್ಟು ಕರೆಂಟ್ ಸೋರಿಹೋಯಿತು ಅನ್ನೋ ಲೆಕ್ಕವೂ ತಪ್ಪುತ್ತದೆ. ವಿಚಾರಣೆಯಲ್ಲಿ ದೊಡ್ಡವರು ಜಗಳ ಆಡೋದು ಜಾಸ್ತಿ ಇದರ ಮೇಲೇನೇ ಅಂತ ಆಮೇಲೆ ನೋಡಿದೆ.

ನನ್ನ ವಿಷಯ ಒಂದೇ. ನಿಗದಿತ ಶುಲ್ಕ. ಅದನ್ನು ಯಾಕೆ ತಗೋತಾರೆ ಅಂತ ಅರ್ಜಿಯಲ್ಲೇ ಬರೆದಿದ್ದರು. ನಾವು ಬಳಸಲಿ ಬಿಡಲಿ, ಲೈನು, ಟಿಸಿ (ಬೀದಿಯ ಟ್ರಾನ್ಸ್‌ಫಾರ್ಮರ್), ಸಿಬ್ಬಂದಿ ಎಲ್ಲವನ್ನೂ ಅವರು ಸಿದ್ಧವಾಗಿ ಇಟ್ಟಿರಬೇಕು. ಉತ್ಪಾದಕರ ಜೊತೆ ಒಪ್ಪಂದ ಆಗಿದ್ದರೆ ಕರೆಂಟ್ ತೆಗೆದುಕೊಳ್ಳದಿದ್ದರೂ ಸ್ಥಾವರ ಸಿದ್ಧ ಇಟ್ಟದ್ದಕ್ಕೆ ಅವರಿಗೆ ದುಡ್ಡು ಕಟ್ಟಬೇಕು. ನ್ಯಾಯವಾದ ಮಾತೇ. ನಾನು ಒಪ್ಪುತ್ತೇನೆ. ಆದರೆ ಸಿದ್ಧ ಇಟ್ಟದ್ದಕ್ಕೆ ಶುಲ್ಕ ಅಂದಮೇಲೆ, ಸಿದ್ಧ ಇಲ್ಲದ ಹೊತ್ತಿಗೆ? ಅರ್ಜಿಯ ಒಂದು ಕೋಷ್ಟಕದಲ್ಲಿ ಹಳ್ಳಿ ಫೀಡರ್‌ಗಳಲ್ಲಿ ಅಡಚಣೆ ತೀರಾ ಕಡಿಮೆ ಅಂತ ತೋರಿಸಿದ್ದರು. ನನ್ನ ನೋಟ್‌ಬುಕ್‌ನಲ್ಲಿ ಮೂರು ತಿಂಗಳಿಗೆ 61 ಸಲ ಕರೆಂಟ್ ಹೋಗಿತ್ತು.

ನಾನು ಮೊದಲು ಬರೆದ ಆಕ್ಷೇಪಣೆ ನಾಲ್ಕು ಪುಟ ಇತ್ತು. ಬರೀ ಗೋಳು. ಮೇಷ್ಟ್ರು ಓದಿ ಪಕ್ಕಕ್ಕಿಟ್ಟರು. "ನೋಡಮ್ಮಾ, ಕಷ್ಟ ಹೇಳ್ಕೊಂಡ್ರೆ ಕೇಳ್ತಾರೆ, ಪಾಪ ಅಂತಾರೆ, ಅಷ್ಟೇ. ಅವರ ಪುಟ ಸಂಖ್ಯೆ ಬರಿ, ಅವರ ಅಂಕಿ ಬರಿ, ಅದರ ಕೆಳಗೆ ನಿನ್ನ ಅಂಕಿ ಬರಿ. ಉತ್ತರ ಕೊಡದೆ ಹೋಗೋಕೆ ಆಗಬಾರದು." ಎರಡನೇ ಸಲ ಬರೆದದ್ದು ಒಂದೂವರೆ ಪುಟ. ಕನ್ನಡದಲ್ಲೇ ಬರೆದೆ. ಮೂರು ತಿಂಗಳ ಪಟ್ಟಿ ಹಿಂದೆ ಲಗತ್ತಿಸಿದೆ. ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಪ್ರತಿಗಳನ್ನು ಜೆರಾಕ್ಸ್ ತೆಗೆಸಿ ಆಯೋಗಕ್ಕೆ ಕಳಿಸಿದೆ, ಕಂಪನಿಗೂ ಒಂದು. ನೋಟಿಸ್‌ನಲ್ಲಿ ಕೊಟ್ಟಿದ್ದ ಮೂವತ್ತು ದಿನದಲ್ಲಿ ಆಗ ನಾಲ್ಕೇ ದಿನ ಉಳಿದಿತ್ತು.

ಕೆಲವು ವಾರದ ಮೇಲೆ ಕಂಪನಿಯಿಂದ ನನ್ನ ಹೆಸರಿಗೆ ರಿಜಿಸ್ಟರ್ಡ್ ಪೋಸ್ಟ್ ಬಂತು. ಆ ಕವರ್ ಹಿಡಿದಾಗ ಆದದ್ದನ್ನು ಸರಿಯಾಗಿ ಹೇಳೋಕೆ ಬರುತ್ತಿಲ್ಲ. ಇಷ್ಟು ವರ್ಷ ಲೈನ್‌ಮನ್‌ಗೆ ಫೋನ್ ಮಾಡಿ ಬೇಡಿಕೊಂಡಿದ್ದೇ ಬಂತು, ಯಾರೂ ಬರೆದು ಉತ್ತರ ಕೊಟ್ಟಿರಲಿಲ್ಲ. ಒಳಗೆ ಇದ್ದದ್ದು ನಾಲ್ಕು ಸಾಲು. ಸಬ್‌ಸ್ಟೇಷನ್ ದಾಖಲೆ ಪ್ರಕಾರ ಸದರಿ ಫೀಡರ್‌ನಲ್ಲಿ ಅಡಚಣೆಗಳು ಮಿತಿಯೊಳಗೆ ಇವೆ, ನಿರ್ವಹಣೆಗಾಗಿ ಮಾತ್ರ ನಿಲುಗಡೆ ಮಾಡಲಾಗಿದೆ. ಅಂದರೆ ನನ್ನ ನೋಟ್‌ಬುಕ್ ಸುಳ್ಳು ಅಂತ. ಅವತ್ತು ಇಡೀ ದಿನ ಮನಸ್ಸು ಸರಿ ಇರಲಿಲ್ಲ. ಸುಳ್ಳು ಬರೆದು ನನಗೇನು ಸಿಗುತ್ತೆ?

ವಿಚಾರಣೆ ಇದ್ದದ್ದು ಕಂಪನಿಯ ಕೇಂದ್ರ ಕಚೇರಿ ಇರುವ ಊರಲ್ಲಿ. ಬೆಳಗಿನ ಮೊದಲ ಬಸ್ಸಿಗೆ ನಾನು, ಮೇಷ್ಟ್ರು ಹೊರಟೆವು. ದೊಡ್ಡ ಸಭಾಂಗಣ. ವೇದಿಕೆ ಮೇಲೆ ಆಯೋಗದವರು, ಒಬ್ಬರು ಅಧ್ಯಕ್ಷರು, ಇಬ್ಬರು ಸದಸ್ಯರು. ಒಂದು ಪಕ್ಕ ಕಂಪನಿಯ ಅಧಿಕಾರಿಗಳು, ಇನ್ನೊಂದು ಪಕ್ಕ ನಾವು. ಮೊದಲು ಕಂಪನಿಯವರು ಪರದೆ ಮೇಲೆ ಅಂಕಿ ಅಂಶ ತೋರಿಸಿದರು. ಆಮೇಲೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ಕೈಗಾರಿಕೆಯವರ ಪರವಾಗಿ ಬಂದವರು ಅಡ್ಡ ಸಬ್ಸಿಡಿ, ಅಂದರೆ ಒಂದು ವರ್ಗಕ್ಕೆ ಕಡಿಮೆ ದರ ಕೊಡೋಕೆ ಇನ್ನೊಂದು ವರ್ಗದಿಂದ ಹೆಚ್ಚು ತಗೊಳ್ಳೋದು, ಅದರ ಬಗ್ಗೆ ತುಂಬಾ ಹೊತ್ತು ಮಾತಾಡಿದರು. ಒಬ್ಬ ರೈತ ಸುಟ್ಟ ಟಿಸಿ ಬದಲಾಯಿಸೋಕೆ ತಾನೇ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಸಾಗಿಸಿದ್ದನ್ನು ಹೇಳುತ್ತಾ ಅತ್ತೇಬಿಟ್ಟ. ಆ ಮನುಷ್ಯನ ಧ್ವನಿ ಈಗಲೂ ಕಿವಿಯಲ್ಲಿದೆ.

ನನ್ನ ಹೆಸರು ಕರೆದಾಗ ಕಾಲು ನಡುಗುತ್ತಿತ್ತು. ಬರೆದುಕೊಂಡು ಹೋದದ್ದನ್ನು ಓದಿದೆ. ನಿಮ್ಮ ಇಂಥ ಪುಟದಲ್ಲಿ ಹೀಗಿದೆ, ನನ್ನ ಗಿರಣಿಯಲ್ಲಿ ಹೀಗಾಗಿದೆ, ಸಿದ್ಧ ಇಟ್ಟದ್ದಕ್ಕೆ ಶುಲ್ಕ ಅನ್ನೋದಾದರೆ ಇಲ್ಲದ ಹೊತ್ತಿನ ಲೆಕ್ಕ ಎಲ್ಲಿ ಅಂತ ಕೇಳಿದೆ. ಮೋಟಾರ್ ಎರಡು ಸಲ ಸುಟ್ಟದ್ದನ್ನೂ ಸೇರಿಸಿದೆ. ಅಧ್ಯಕ್ಷರು ಅದಕ್ಕೆ ತಡೆದರು. "ಅಮ್ಮಾ, ನಿಮ್ಮ ಒಬ್ಬರ ನಷ್ಟದ ವಿಷಯ ಇಲ್ಲಿ ಬರೋದಿಲ್ಲ, ಅದಕ್ಕೆ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅಲ್ಲಿ ಆಗದಿದ್ದರೆ ಓಂಬುಡ್ಸ್‌ಮನ್ ಇದ್ದಾರೆ, ಅಲ್ಲಿ ಹಾಕಿ. ಅಡಚಣೆ ವಿಷಯ ಹೇಳಿ" ಅಂದರು. ಸರಿಯಾಗೇ ಹೇಳಿದರು. ದರದ ವಿಚಾರಣೆ ಬೇರೆ, ಒಬ್ಬರ ದೂರು ಬೇರೆ ಅನ್ನೋದು ನನಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಹೋಗುವವರು ಇದನ್ನು ಮೊದಲೇ ತಿಳಿದುಕೊಂಡು ಹೋಗಿ, ನಿಮಗೆ ಸಿಗೋದು ಕೆಲವೇ ನಿಮಿಷ.

ಒಬ್ಬ ಸದಸ್ಯರು ನೋಟ್‌ಬುಕ್ ತಂದಿದ್ದೀರಾ ಅಂದರು. ಚೀಲದಿಂದ ತೆಗೆದು ಕೊಟ್ಟೆ. ಅದರ ಅಂಚಿಗೆಲ್ಲ ಹಿಟ್ಟು ಅಂಟಿಕೊಂಡಿತ್ತು, ತಿರುವಿದಾಗ ಮೇಜಿನ ಮೇಲೆ ಸ್ವಲ್ಪ ಉದುರಿತು. ಅವರು ಅದನ್ನು ಒರೆಸದೆ ಪುಟ ನೋಡುತ್ತಾ ಹೋದರು. ಒಂದು ತಾರೀಖು ಹೇಳಿ, ಅವತ್ತಿನ ಸಬ್‌ಸ್ಟೇಷನ್ ಲಾಗ್ ತರಿಸಿ ಅಂತ ಅಧಿಕಾರಿಗಳಿಗೆ ಹೇಳಿದರು. ನನ್ನ ಪುಸ್ತಕದಲ್ಲಿ ಅವತ್ತು ಸಂಜೆ 6.40ರಿಂದ 9.15ರವರೆಗೆ ಕರೆಂಟ್ ಇಲ್ಲ ಅಂತಿತ್ತು.

ಊಟದ ಬಿಡುವಿನ ನಂತರ ಉತ್ತರ ಬಂತು. ಅವತ್ತು ಸಂಜೆ ಆ ಫೀಡರ್ ಒಂದು ನಿಮಿಷವೂ ನಿಂತಿಲ್ಲ. ಸಭಾಂಗಣದಲ್ಲಿ ಎಲ್ಲರೂ ನನ್ನ ಕಡೆ ನೋಡಿದರು. ಮುಖ ಬೆವರಿತು. ಮೇಷ್ಟ್ರು ಮಾತ್ರ ಅಲುಗಾಡದೆ ಕೂತಿದ್ದರು.

ಆಗ ಹಿಂದಿನ ಸಾಲಿನಲ್ಲಿದ್ದ ನಮ್ಮ ಸೆಕ್ಷನ್ ಆಫೀಸಿನ ಯುವ ಇಂಜಿನಿಯರ್ ಎದ್ದು ನಿಂತರು. ಅವರ ಮೇಲಧಿಕಾರಿಗಳೆಲ್ಲ ಮುಂದೆ ಕೂತಿದ್ದರು, ಸುಮ್ನೆ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. "ಸರ್, ಲಾಗ್ ಸರಿ ಇದೆ. ಅವರು ಬರೆದಿರೋದೂ ಸರಿ ಇರಬಹುದು. ಆ ಬೀದಿಯ ಟಿಸಿ 63 ಕೆವಿಎದು, ಲೋಡ್ ಜಾಸ್ತಿ ಆಗಿ ಸಂಜೆ ಹೊತ್ತು ಫ್ಯೂಸ್ ಹೋಗ್ತಾ ಇರುತ್ತೆ. ಅದು ನಮ್ಮ ದೂರಿನ ಪುಸ್ತಕದಲ್ಲಿ ಇರುತ್ತೆ, ಸ್ಟೇಷನ್ ಲಾಗ್‌ಗೆ ಬರೋದಿಲ್ಲ" ಅಂದರು.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾನು ಇಷ್ಟೆಲ್ಲ ಬರೆಯುತ್ತಿರೋದೇ ಇದಕ್ಕೆ. ಸಬ್‌ಸ್ಟೇಷನ್‌ನಿಂದ 11 ಕೆವಿ ಫೀಡರ್ ಹೊರಡುತ್ತದೆ. ಅದು ಊರಿನ ಟಿಸಿಗಳಿಗೆ ಬರುತ್ತದೆ. ಟಿಸಿ ಅದನ್ನು ಇಳಿಸಿ ನಮ್ಮ ಬೀದಿ ಕಂಬಗಳಿಗೆ ಕೊಡುತ್ತದೆ. ಸಬ್‌ಸ್ಟೇಷನ್‌ನಲ್ಲಿ ಕೂತವನಿಗೆ ಫೀಡರ್ ನಿಂತರೆ ಕಾಣುತ್ತದೆ. ಟಿಸಿ ಹತ್ತಿರ ಫ್ಯೂಸ್ ಹೋದರೆ, ಕಂಬದ ಮೇಲೆ ತಂತಿ ಕಿತ್ತರೆ, ಮೂರು ಫೇಸ್‌ನಲ್ಲಿ ಒಂದು ಹೋದರೆ ಅವನಿಗೆ ಏನೂ ಕಾಣುವುದಿಲ್ಲ. ಫೀಡರ್ ನಡೆಯುತ್ತಲೇ ಇರುತ್ತದೆ. ಅರ್ಜಿಯ ಕೋಷ್ಟಕದಲ್ಲಿದ್ದ ಅಂಕಿ ಫೀಡರ್‌ನದು. ನನ್ನ 61 ಗಿರಣಿ ಬಾಗಿಲಿನದು. ಎರಡೂ ನಿಜ! ಆದರೆ ಆಯೋಗದ ಮುಂದೆ ಹೋಗುತ್ತಿದ್ದದ್ದು ಒಂದೇ ಪುಸ್ತಕ. ಇಷ್ಟು ವರ್ಷ ನಮ್ಮ ಬೀದಿಯ ಕತ್ತಲು ಎಲ್ಲೂ ಲೆಕ್ಕಕ್ಕೇ ಬಂದಿರಲಿಲ್ಲ ಅಂತ ಆವತ್ತು ಗೊತ್ತಾಯಿತು. ನನಗೆ ಸಿಟ್ಟೂ ಬಂತು, ಒಂಥರಾ ಸಮಾಧಾನವೂ ಆಯಿತು. ಕನಿಷ್ಠ ನಾನು ಸುಳ್ಳಿ ಅಲ್ಲ ಅಂತ ಎಲ್ಲರೆದುರು ಆಯಿತಲ್ಲ.

ಸೆಕ್ಷನ್ ಆಫೀಸಿನ ದೂರಿನ ಪುಸ್ತಕದ ಪ್ರತಿ ಕೊಡಿ ಅಂತ ಆಯೋಗದವರು ಕಂಪನಿಗೆ ಹೇಳಿದರು. ನನಗೆ ನೋಟ್‌ಬುಕ್ ವಾಪಸ್ ಕೊಟ್ಟರು. ಅಷ್ಟೇ, ಮುಂದಿನ ಹೆಸರು ಕರೆದರು. ವಾಪಸ್ ಬರುವಾಗ ಆ ಯುವ ಇಂಜಿನಿಯರ್‌ಗೆ ಮೆಟ್ಟಿಲ ಹತ್ತಿರ ಕೈ ಮುಗಿದೆ. "ಇರಲಿ ಬಿಡಿ ಅಕ್ಕಾ" ಅಂದರು.

ಆದೇಶ ಬರೋಕೆ ಇನ್ನೂ ಕೆಲವು ವಾರ ಹಿಡಿಯಿತು. ಟಿವಿಯಲ್ಲಿ ಯೂನಿಟ್‌ಗೆ ಇಷ್ಟು ಪೈಸೆ ಏರಿಕೆ ಅಂತ ಹೇಳಿ ಮುಗಿಸಿದರು. ಆದರೆ ಆದೇಶ ಅಂದರೆ ಅದೊಂದು ದಪ್ಪ ಪುಸ್ತಕ. ಅದರಲ್ಲಿ ಆಕ್ಷೇಪಣೆ ಹಾಕಿದವರ ಹೆಸರಿನ ಪಟ್ಟಿ ಇರುತ್ತದೆ. ಯಾರು ಏನು ಹೇಳಿದರು, ಕಂಪನಿ ಏನು ಉತ್ತರ ಕೊಟ್ಟಿತು, ಆಯೋಗದ ಅಭಿಪ್ರಾಯ ಏನು ಅಂತ ಒಂದೊಂದಾಗಿ ಬರೆದಿರುತ್ತಾರೆ. ನನ್ನ ಒಂದೂವರೆ ಪುಟ ಅಲ್ಲಿ ಎರಡು ಸಾಲಾಗಿತ್ತು. ಟಿಸಿ ಮಟ್ಟದ ಅಡಚಣೆಯ ದಾಖಲೆಯನ್ನೂ ಕಂಪನಿ ಸರಿಯಾಗಿ ಇಡಬೇಕು ಅನ್ನೋ ಅರ್ಥದ ಮಾತು ಅದರ ಪಕ್ಕದಲ್ಲಿತ್ತು. ಮೇಷ್ಟ್ರ ಮೊಮ್ಮಗನ ಹತ್ತಿರ ಆ ಪುಟ ಪ್ರಿಂಟ್ ತೆಗೆಸಿ ಪಂಚಾಯ್ತಿ ಲೈಸೆನ್ಸ್ ಪಕ್ಕದಲ್ಲೇ ಅಂಟಿಸಿದ್ದೇನೆ.

ದರ ಏರಿತು. ನಿಗದಿತ ಶುಲ್ಕವೂ ಏರಿತು, ಅವರು ಕೇಳಿದ್ದಕ್ಕಿಂತ ಕಡಿಮೆ. ನನ್ನ ಕೈಯಿಂದ ಹೋಗೋ ದುಡ್ಡು ಜಾಸ್ತಿಯೇ ಆಯಿತು, ಅದನ್ನು ಮುಚ್ಚಿಡೋದಿಲ್ಲ. ಇಷ್ಟಕ್ಕೆ ಬಸ್ ಚಾರ್ಜ್ ಹಾಕಿಕೊಂಡು ಹೋಗಬೇಕಿತ್ತಾ ಅಂತ ಮನೆಯಲ್ಲಿ ಕೇಳಿದರು. ಹೋಗಬೇಕಿತ್ತು ಅಂತಲೇ ನಾನು ಹೇಳಿದೆ.

ಕುಂದುಕೊರತೆ ವೇದಿಕೆಗೂ ಆಮೇಲೆ ಒಂದು ದೂರು ಕೊಟ್ಟೆ, ಮೋಟಾರ್‌ಗೆ ಅಲ್ಲ, ಫ್ಯೂಸ್ ಹಾಕೋಕೆ ತಡ ಮಾಡಿದ್ದಕ್ಕೆ. ಹಳ್ಳಿಯಲ್ಲಿ ಫ್ಯೂಸ್ ಹೋದ ದೂರನ್ನು 24 ಗಂಟೆಯೊಳಗೆ, ಟಿಸಿ ಕೆಟ್ಟರೆ 72 ಗಂಟೆಯೊಳಗೆ ಸರಿ ಮಾಡಬೇಕು ಅಂತ ಆಗ ನಿಯಮ ಇತ್ತು. ನಮ್ಮಲ್ಲಿ ಒಂದು ಸಲ ಹಬ್ಬದ ಹಿಂದಿನ ದಿನ ಹೋದ ಫ್ಯೂಸ್ ಎರಡು ದಿನ ಬಿಟ್ಟು ಬಂದಿತ್ತು. ದೂರಿನ ನಂಬರ್, ಹೊತ್ತು ಎರಡೂ ನನ್ನ ಹತ್ತಿರ ಇದ್ದವು. ಪರಿಹಾರ ಸಣ್ಣದು, ಬಿಲ್‌ನಲ್ಲಿ ಕಳೆದರು. ಫೋನ್‌ನಲ್ಲಿ ಹೇಳಿ ಸುಮ್ಮನಾಗಬೇಡಿ, ದೂರಿನ ನಂಬರ್ ಇಸಕೊಳ್ಳಿ. ಅದಿಲ್ಲದೆ ನಿಮ್ಮ ಹತ್ತಿರ ಏನೂ ಇಲ್ಲ.

ಒಂದು ವರ್ಷದ ಮೇಲೆ ನಮ್ಮ ಬೀದಿಗೆ 100 ಕೆವಿಎ ಟಿಸಿ ಬಂತು. ನನ್ನ ಮಾತಿನಿಂದಲೇ ಬಂತು ಅಂತ ಹೇಳಲಾರೆ, ಹೊಸ ಮನೆಗಳೂ ಆಗಿದ್ದವು. ಸಂಜೆ ಫ್ಯೂಸ್ ಹೋಗೋದು ಬಹಳ ಕಡಿಮೆ ಆಗಿದೆ. ಪೂರ್ತಿ ನಿಂತಿಲ್ಲ.

ನೋಟ್‌ಬುಕ್‌ಗೆ ಈಗ ಇನ್ನೊಂದು ಗೆರೆ ಎಳೆದಿದ್ದೇನೆ, ಫೀಡರಾ ಟಿಸಿಯಾ ಅಂತ ಬರೆಯೋಕೆ. ಕರೆಂಟ್ ಹೋದ ತಕ್ಷಣ ಲೈನ್‌ಮನ್‌ಗೆ ಫೋನ್ ಮಾಡಿ ಕೇಳುತ್ತೇನೆ. ಮೊದಮೊದಲು ಬೇಜಾರು ಮಾಡಿಕೊಳ್ಳುತ್ತಿದ್ದ. ಈಗ ಫೋನ್ ಎತ್ತಿದ ಕೂಡಲೇ "ಟಿಸಿ ಅಂತ ಬರ್ಕೊಳ್ಳಿ ಅಕ್ಕಾ, ಬಂದೆ" ಅನ್ನುತ್ತಾನೆ. ಪಕ್ಕದೂರಿನ ಎರಡು ಗಿರಣಿಯವರೂ ಬರೆಯೋಕೆ ಶುರು ಮಾಡಿದ್ದಾರೆ. ಈ ಸಲದ ನೋಟಿಸ್ ಪೇಪರ್‌ನಲ್ಲಿ ಬಂದು ಹನ್ನೊಂದು ದಿನ ಆಯಿತು, ಬರುವ ಸೋಮವಾರ ಮೂವರೂ ಸೇರಿ ನೋಟರಿ ಹತ್ತಿರ ಹೋಗುತ್ತಿದ್ದೇವೆ.